ಎರಡು ಕೈಯ ಬತ್ತಿ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನಮ್ಮೂರ ಚರ್ಚಿನ ಗಂಟೆಯ ಹಗ್ಗ ಬಾಗಿಲಿನ ಬಲಕ್ಕಿತ್ತು ಎಂದು ನನ್ನ ನೆನಪು. ಈಗ ಅದು ಎಡಕ್ಕಿದೆ, ಯಾರೂ ಅದನ್ನು ಬದಲಾಯಿಸಿಲ್ಲವಂತೆ. ಬತ್ತಿ ಹೊಸೆಯುವ ಸಂಜೆ ಕಂದೀಲು ಉರಿಯುತ್ತಿತ್ತು ಎಂದುಕೊಂಡಿದ್ದೆ. ನಾನು ಹುಟ್ಟುವ ಮೊದಲೇ ಚರ್ಚಿಗೆ ಕರೆಂಟು ಬಂದಿತ್ತು ಎಂದು ಈಗ ತಿಳಿಯಿತು. ಆ ಕಂದೀಲನ್ನು ಎಲ್ಲಿಂದ ತಂದು ಆ ಚಿತ್ರದೊಳಗೆ ಇಟ್ಟೆನೋ ಗೊತ್ತಿಲ್ಲ. ಆದರೆ ಅವ್ವ ಮತ್ತು ಅತ್ತಿ, ಅಂದರೆ ನನ್ನ ಅಪ್ಪನ ಅಕ್ಕ, ಆ ಹಗ್ಗದ ಕೆಳಗೆ ಎದುರುಬದುರು ಕೂತು ಒಂದೇ ಬತ್ತಿಯನ್ನು ಹೊಸೆಯುತ್ತಿದ್ದುದು ನಿಜ. ಪ್ರತಿ ವರ್ಷ ಅವರಿಬ್ಬರೇ. ಇದನ್ನು ಓಣಿಯ ಬೇರೆಯವರೂ ಕಂಡಿದ್ದಾರೆ. ಹಾಗಾಗಿ ಇಷ್ಟನ್ನು ನಂಬಿ ಬರೆಯಲು ಕೂತಿದ್ದೇನೆ.

ನಮ್ಮದು ಅಣ್ಣಿಗೇರಿಯಲ್ಲಿ ಟಂಟಂ ಆಟೋ ಹತ್ತಿ ಹೋಗಬೇಕಾದ ಎರೆಹೊಲದ ಊರು. ಕ್ರೈಸ್ತರ ಮನೆಗಳು ಒಂದು ಓಣಿಯಷ್ಟು. ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ಭಾನುವಾರಗಳು ನಮಗೆ ಆಗಮನದ ಕಾಲ, ಬರುವವನಿಗಾಗಿ ಮನಸ್ಸು ಸಿದ್ಧಮಾಡಿಕೊಳ್ಳುವ ದಿನಗಳು. ಬೇರೆ ಚರ್ಚುಗಳಲ್ಲಿ ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹಚ್ಚುತ್ತಾರೆ. ನಮ್ಮಲ್ಲಿ ನಾಲ್ಕು ಮಣ್ಣಿನ ಪಣತಿ, ಕುಸುಬೆ ಎಣ್ಣೆ, ಹೊಸ ಹತ್ತಿಯ ಬತ್ತಿ. ಹತ್ತಿ ಬರುವುದು ಮುಂದಿನ ಓಣಿಯ ಗೌಡರ ಮನೆಯಿಂದ. ಅವರು ಲಿಂಗಪೂಜೆಯ ಮನೆತನದವರು. ತಮ್ಮ ಹೊಲದಲ್ಲಿ ಮೊದಲು ಬಿಡಿಸಿದ ಹತ್ತಿಯಲ್ಲಿ ಒಂದು ಚೀಲ ನಮ್ಮ ಚರ್ಚಿಗೆಂದು ತೆಗೆದಿಡುತ್ತಾರೆ. ಯಾಕೆ ಎಂದು ಒಮ್ಮೆ ಗೌಡ್ತಿಯನ್ನು ಕೇಳಿದ್ದೆ. "ನಮ್ಮತ್ತಿ ಕೊಡತಿದ್ರು, ನಾ ಕೊಡತೇನಿ. ದೀಪಕ್ಕ ಕೊಡೂದಕ್ಕ ಯಾಕ ಅಂತ ಕೇಳತಾರೇನು?" ಎಂದು ನನ್ನನ್ನೇ ಕೇಳಿದ್ದರು.

ಮೊದಲ ಭಾನುವಾರದ ಹಿಂದಿನ ಸಂಜೆ ಹೆಂಗಸರೆಲ್ಲ ಚರ್ಚಿನಲ್ಲಿ ಸೇರಿ ಕ್ರಿಸ್ಮಸ್ಸಿನವರೆಗೆ ಸಾಕಾಗುವಷ್ಟು ಬತ್ತಿ ಹೊಸೆಯುತ್ತಾರೆ. ಒಂದು ಬತ್ತಿಗೆ ಇಬ್ಬರು. ಆ ಇಬ್ಬರು ಯಾರು ಎನ್ನುವುದರಲ್ಲೇ ನಮ್ಮೂರ ಪದ್ಧತಿ ಇರುವುದು. ಯಾರ ಮೇಲೆ ನಿನ್ನ ಮನಸ್ಸಿನಲ್ಲಿ ಏನೋ ಕಹಿ ಉಳಿದಿದೆಯೋ ಅವರ ಮುಂದೆ ಹೋಗಿ ಒಂದು ಹಿಡಿ ಹತ್ತಿ ಇಡಬೇಕು. ಯಾರ ಮುಂದೆ ಇಟ್ಟರೋ ಅವರು ಯಾಕೆ ಎಂದು ಕೇಳಬಾರದು. ಎದುರು ಕೂತು ಹೊಸೆಯಬೇಕು. ಹತ್ತಿಯನ್ನು ಉದ್ದಕ್ಕೆ ಎಳೆದು ಇಬ್ಬರೂ ಒಂದೊಂದು ತುದಿ ಹಿಡಿದು ತಿರುವುತ್ತಾರೆ. ಬಿಗಿಯಾದ ಮೇಲೆ ಒಬ್ಬಳು ಎದ್ದು ಬಂದು ತನ್ನ ತುದಿಯನ್ನು ಇನ್ನೊಬ್ಬಳ ಕೈಗೆ ಕೊಡುತ್ತಾಳೆ. ಎಳೆ ನಡುವಿನಲ್ಲಿ ಮಡಿಚಿ ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ಬತ್ತಿಯಾಗುತ್ತದೆ. ಆಗ ಇಬ್ಬರೂ "ಸಮಾಧಾನ" ಎಂದು ಹೇಳಬೇಕು. ಅಲ್ಲಿಯವರೆಗೆ ಮಾತಿಲ್ಲ.

ಮಾತಿಲ್ಲ ಎನ್ನುವುದು ನಿಯಮ. ಹೊಲಿಗೆ ಮಷೀನು ಇಟ್ಟುಕೊಂಡಿರುವ, ನಾವೆಲ್ಲ ಟೇಲರ್ ಅಕ್ಕ ಎಂದು ಕರೆಯುವ ಹೆಂಗಸೊಬ್ಬರಿದ್ದಾರೆ. ಅವರ ಮುಂದೆ ಪ್ರತಿ ವರ್ಷ ಹತ್ತಿಯ ಗುಡ್ಡೆಯೇ ಬೀಳುತ್ತದೆ. "ಬರ್ರಿ, ಬರ್ರಿ, ಒಬ್ಬೊಬ್ರss ಬರ್ರಿ. ಜಂಪರ್ ಬಿಗಿ ಆತಂತ ಬಂದೀಯೇನು ನೀ? ನೀ ದಪ್ಪ ಆದ್ರ ನಾ ಏನ್ ಮಾಡ್ಲಿ?" ಎಂದು ಅವರು ಪಿಸುಗುಡುತ್ತಲೇ ಹೊಸೆಯುತ್ತಾರೆ. ಎದುರಿನವಳು ನಗು ತಡೆಯಲಾಗದೆ ತುದಿ ಬಿಟ್ಟರೆ ಎಳೆ ಗಂಟುಗಂಟಾಗುತ್ತದೆ, ಮತ್ತೆ ಮೊದಲಿನಿಂದ.

ಇದೆಲ್ಲ ಗೊತ್ತಿದ್ದೂ ನಾನು ಅವ್ವ ಮತ್ತು ಅತ್ತಿಯ ವಿಷಯದಲ್ಲಿ ಒಂದು ಸರಳ ಲೆಕ್ಕ ಹಾಕಿರಲಿಲ್ಲ. ಅವರು ಜೊತೆಗೆ ಕೂರುವುದು ಪ್ರೀತಿಗೆ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಅತ್ತಿ ಮದುವೆಯಾಗಲಿಲ್ಲ. ಅಂಗನವಾಡಿ ನಡೆಸಿಕೊಂಡು ನಮ್ಮ ಬಾಜು ಮನೆಯಲ್ಲೇ ಇದ್ದಳು. ಇಬ್ಬರೂ ದಿನಾ ಮಾತಾಡುತ್ತಿದ್ದರು. ಇವಳ ರೊಟ್ಟಿ ಅವಳ ಮನೆಗೆ, ಅವಳ ಹಿಂಡಿಪಲ್ಯ ಇವಳ ಮನೆಗೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಧಾರವಾಡಕ್ಕೆ ಬಂದಳು. ಆಗಲೂ ಮಂಡಿ ನೋವಿರಲಿ, ಬಸ್ಸಿನಲ್ಲಿ ಗದ್ದಲವಿರಲಿ, ನವೆಂಬರ್ ಕೊನೆಗೆ ಊರಿಗೆ ಹೊರಟೇ ಹೊರಡುತ್ತಿದ್ದಳು. ನಾನು ಬಿಟ್ಟು ಬರಲು ಹೋಗುತ್ತಿದ್ದೆ. ಆದರೆ ಒಳಗೆ ಕೂರದೆ ಚರ್ಚಿನ ಕಟ್ಟೆಯ ಮೇಲೆ ನಾನು ಕಲಿಸುವ ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತಲೋ ಫೋನು ನೋಡುತ್ತಲೋ ಇರುತ್ತಿದ್ದೆ. ನಂಬಿಕೆ ಇರಲಿಲ್ಲವೆಂದಲ್ಲ. ಯಾರ ಮುಂದೆ ಹತ್ತಿ ಇಡಬೇಕು ಎಂದು ಯೋಚಿಸುವುದು ಬೇಡವಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿತ್ತೋ ಇಲ್ಲವೋ ಹೇಳಲಾರೆ.

ಅವ್ವ ಈ ಬೇಸಿಗೆಯಲ್ಲಿ ತೀರಿಕೊಂಡಳು. ನವೆಂಬರಿನಲ್ಲಿ ನಾನು ಒಬ್ಬಳೇ ಊರಿಗೆ ಹೋದೆ. ಯಾಕೆ ಹೋದೆ ಎಂದರೆ, ಹೋಗುವ ದಿನ ಬಂದಿತ್ತು, ಅಷ್ಟೇ.

ಟಂಟಂ ಇಳಿದಾಗ ಚರ್ಚಿನ ಮುಂದೆ ಹೆಂಗಸರು ಹೊಸ ಸಭಾಪಾಲಕರನ್ನು ಸುತ್ತುವರಿದಿದ್ದರು. ಅವರು ಹುಬ್ಬಳ್ಳಿ ಕಡೆಯ ಹುಡುಗ, ಮೂರ್ನಾಲ್ಕು ಊರಿನ ಸಭೆಗಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಕೈಯಲ್ಲಿ ಒಂದು ರಟ್ಟಿನ ಡಬ್ಬಿ ಇತ್ತು.

"ಈ ವರ್ಷ ಮೇಣಬತ್ತಿ ತಂದೀನ್ರಿ. ಮೂರು ನೇರಳೆ, ಒಂದು ಗುಲಾಬಿ. ಎಲ್ಲಾ ಕಡೆ ಹಿಂಗss ಹಚ್ಚತಾರ್ರಿ."

"ಅಗದಿ ಚಂದ ಅದಾವ್ರಿ ಪಾಸ್ಟರ್," ಎಂದರು ಟೇಲರ್ ಅಕ್ಕ, ಒಂದನ್ನು ತಿರುಗಿಸಿ ನೋಡುತ್ತ. "ಒಳಗಿನ ಬತ್ತಿ ಯಾರು ಹೊಸದಾರ್ರಿ?"

"ಫ್ಯಾಕ್ಟರ್‍ಯಾಗ ಮಷೀನ್ ಮಾಡತೈತ್ರಿ."

"ಆ ಮಷೀನು ಯಾರ ಜೋಡಿ ಜಗಳಾ ಆಡಿತ್ತರಿ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಭಾಪಾಲಕರಿಗೆ ಪದ್ಧತಿ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಅವರಿಗೆ ಯಾರೋ ವಿವರಿಸಿದರು. ಅವರು ಡಬ್ಬಿ ಮುಚ್ಚಿ, "ಎರಡೂ ಇರಲಿ ಬಿಡ್ರಿ" ಎಂದರು. ಟೇಲರ್ ಅಕ್ಕ ನನ್ನನ್ನು ಆಗ ಕಂಡರು. ಪಕ್ಕಕ್ಕೆ ಕರೆದು, "ನಿಮ್ಮತ್ತಿ ಈ ವರ್ಷ ಬತ್ತಿ ಹೊಸಿಯಾಕ ಬರಂಗಿಲ್ಲಂತ. ನೀ ಏನರ ಹೇಳವಾ" ಎಂದರು.

ಅತ್ತಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹತ್ತಿಯಿಂದ ಕಾಳು ಬಿಡಿಸುತ್ತಿದ್ದಳು. ಗೌಡರ ಮನೆಯ ಚೀಲ ಬಾಜುವಿಗಿತ್ತು. ಕಾಳು ತೆಗೆದು ಹತ್ತಿ ಹಸನು ಮಾಡುವುದು ಮೊದಲಿನಿಂದಲೂ ಅವಳ ಪಾಲಿನ ಕೆಲಸ. ತಾನು ಬರುವುದಿಲ್ಲವೆಂದರೂ ಊರಿಗೆಲ್ಲ ಹತ್ತಿ ಸಿದ್ಧ ಮಾಡುತ್ತಿದ್ದಳು.

"ಬಂದೇನ್ಬೇ? ಕೈ ತೊಳಕೊಂಡು ಕುಂಡ್ರು. ಬಸ್ಸಿನ ಕೈಲೆ ಹತ್ತಿ ಮುಟ್ಟಬ್ಯಾಡ."

ಕೈ ತೊಳೆದು ಬಂದು ನಾನೂ ಒಂದು ಹಿಡಿ ಹತ್ತಿ ಎತ್ತಿಕೊಂಡೆ. "ನಾಳೆ ನೀ ಬರೂದಿಲ್ಲಂತ?"

"ಯಾರಂದ್ರು?"

"ಟೇಲರ್ ಅಕ್ಕ."

"ಆಕಿ ಹೊಲಿಯೂದೊಂದು ಬಿಟ್ಟು ಎಲ್ಲಾ ಮಾಡತಾಳ." ಇನ್ನೊಂದು ಅರಳೆ ಕೈಗೆತ್ತಿಕೊಂಡಳು. "ಬಂದು ಯಾರ ಮುಂದ ಕುಂಡ್ರಲಿ? ನನ್ನ ಎದುರಿಗೆ ಕುಂಡ್ರಾಕಿ ಹೋದ್ಲು."

"ಬ್ಯಾರೆ ಯಾರ ಮುಂದರ ಕುಂಡ್ರು."

"ಬ್ಯಾರೇರ ಜೋಡಿ ನಂದೇನೈತಿ?"

ಆ ಮಾತು ಕಿವಿಗೆ ಬಿದ್ದ ಮೇಲೆ ನನ್ನ ಕೈ ನಿಂತಿತು. ಬೇರೆಯವರ ಜೊತೆ ಏನೂ ಇಲ್ಲ. ಹಾಗಾದರೆ ಅವ್ವನ ಜೊತೆ ಇತ್ತು. ಪ್ರತಿ ವರ್ಷ ಸಮಾಧಾನ ಹೇಳಿದ ಮೇಲೂ ಮುಂದಿನ ವರ್ಷಕ್ಕೆ ಮತ್ತೆ ಇತ್ತು. ನಾನು ಪ್ರೀತಿ ಎಂದು ಓದಿಕೊಂಡದ್ದರೊಳಗೆ ಇನ್ನೇನೋ ಇಷ್ಟು ಕಾಲ ಕೂತಿತ್ತು, ಅಥವಾ ಎರಡೂ ಒಂದೇ ಆಗಿದ್ದವು.

"ಅವ್ವನ ಮ್ಯಾಲೆ ನಿನಗ ಏನಿತ್ತು ಅತ್ತಿ?"

"ನಿನಗ್ಯಾರು ಹೇಳಿದ್ರು ನನಗ ಇತ್ತಂತ? ಆಕೀಗೆ ನನ್ನ ಮ್ಯಾಲಿರಬಹುದು. ಒಂದೊಂದ ವರ್ಷ ಆಕಿ ಹತ್ತಿ ಇಡತಿದ್ಲು, ಒಂದೊಂದ ವರ್ಷ ನಾ ಇಡತಿದ್ನಿ."

"ಅದss, ಏನು ಅಂತ."

"ಕಾಲೇಜಿನ್ಯಾಗ ಹುಡುಗ್ರಿಗೆ ಕೇಳು ಪ್ರಶ್ನೆ. ಇಲ್ಲಿ ಕಾಳು ತೆಗಿ."

ತೆಗೆದೆ. ಜವಾರಿ ಹತ್ತಿಯ ಕಾಳು ಅರಳೆಯನ್ನು ಬಿಡುವುದಿಲ್ಲ. ಉಗುರು ನೋಯುತ್ತದೆ. ತುಸು ಹೊತ್ತಿನ ಮೇಲೆ ಭಾನುವಾರದ ಕರ್ತನ ಭೋಜನಕ್ಕಾದರೂ ಬರುತ್ತೀಯಾ ಎಂದು ಕೇಳಿದೆ. ಆಗಮನದ ಮೊದಲ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸದ ಪಾತ್ರೆಯ ಮುಂದೆ ಹೋಗಿ ನಿಲ್ಲುವುದು ಅತ್ತಿಗೆ ಇಡೀ ವರ್ಷದ ದೊಡ್ಡ ಗಳಿಗೆ. ಜ್ವರದಲ್ಲೂ ಬಿಟ್ಟವಳಲ್ಲ.

"ಹೋಗಂಗಿಲ್ಲ," ಎಂದಳು. ದನಿ ಎತ್ತಲಿಲ್ಲ. "ಬತ್ತಿ ಹೊಸೀದss ನಾ ಎಂದೂ ಆ ಮೇಜಿನ ಮುಂದ ನಿಂತಿಲ್ಲ. ಮನಸಿನ್ಯಾಗ ಗಂಟು ಇಟಗೊಂಡು ಹೆಂಗ ನಿಂದ್ರಲಿ? ಬಿಡಿಸಾಕ ಆಕಿ ಇಲ್ಲ. ನನ್ನ ಹಬ್ಬ ಈ ವರ್ಷದಿಂದ ಮುಗೀತಂತ ತಿಳಕೊ."

ಕೈ ಮಾತ್ರ ಕಾಳು ಬಿಡಿಸುತ್ತಲೇ ಇತ್ತು. ನನಗೆ ಭಯವಾಯಿತು. ಅಳುವವಳಾಗಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ತೀರ್ಮಾನ ಮಾಡಿ ಮುಗಿಸಿದವಳ ಹಾಗಿದ್ದಳು.

ಆ ಸಂಜೆ ಮತ್ತು ಮರುದಿನ ನಾನು ಓಣಿಯಲ್ಲಿ ಮಾಡಿದ್ದು ಬರೀ ಕುತೂಹಲವೋ, ಅತ್ತಿಗೆ ದಾರಿ ಹುಡುಕುವ ಕೆಲಸವೋ, ನನಗೇ ಸ್ಪಷ್ಟವಿಲ್ಲ. ಏನಿತ್ತೆಂದು ಗೊತ್ತಾದರೆ ಬಿಡಿಸಬಹುದು ಎಂದುಕೊಂಡೆ. ಟೇಲರ್ ಅಕ್ಕ ಬ್ಲೌಸಿಗೆ ಗುಂಡಿ ಹಚ್ಚುತ್ತ ತಮ್ಮ ಕಥೆ ಹೇಳಿದರು: ಮೊದಲು ಚರ್ಚಿನಲ್ಲಿ ಅತ್ತಿಯೇ ಗೀತೆ ಎತ್ತಿಕೊಡುತ್ತಿದ್ದಳಂತೆ, ಅವ್ವ ಸೊಸೆಯಾಗಿ ಬಂದ ಮೇಲೆ ಹೊಸಬಳ ದನಿ ಚೆನ್ನಾಗಿದೆ ಎಂದು ಆಗಿನ ಸಭಾಪಾಲಕರು ಅದನ್ನು ಅವ್ವನಿಗೆ ಕೊಟ್ಟರಂತೆ. "ನಿಮ್ಮತ್ತಿ ಅಂದಿನಿಂದ ಬರೇ ತುಟಿ ಅಲ್ಲಾಡಸ್ತಾಳ, ನೋಡು ಬೇಕಾದ್ರ." ಇದನ್ನು ನಾನು ಪೂರ್ತಿ ನಂಬಲಾರೆ. ಅತ್ತಿ ಹಾಡುವುದನ್ನು ಕೇಳಿದ್ದೇನೆ. ಕೇಳಿದ್ದೇನೆಯೆ? ಅವಳು ಹಾಡುಪುಸ್ತಕ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿದೆ, ದನಿ ನೆನಪಾಗುತ್ತಿಲ್ಲ.

ಹತ್ತಿಯ ಖಾಲಿ ಚೀಲ ಹಿಂದಿರುಗಿಸಲು ಹೋದಾಗ ಗೌಡ್ತಿ ಬೇರೆಯದನ್ನು ಹೇಳಿದರು. ಚಹಾ ಕೊಟ್ಟು, ಬಾಗಿಲ ಕಡೆ ಒಮ್ಮೆ ನೋಡಿ: "ನೀ ಸಣ್ಣಾಕಿದ್ದಾಗ ನಿಮ್ಮತ್ತಿ ಕಡೆನss ಮಲಗತಿದ್ದಿ, ಉಣತಿದ್ದಿ. ನಿನ್ನ ಧಾರವಾಡದ ಹಾಸ್ಟೆಲ್ಲಿಗೆ ಹಾಕಿದ್ದು ನಿಮ್ಮವ್ವ. ನಿಮ್ಮತ್ತಿಗೆ ಒಂದ ಮಾತು ಕೇಳಲಿಲ್ಲಂತ. ಅದss ಇರಬೇಕು. ನನಗೇನು ಗೊತ್ತವಾ, ನಾವು ಹೊರಗಿನವರು."

ಇದನ್ನು ಕೇಳಿದಾಗ ನಂಬಿಬಿಡಬೇಕು ಅನ್ನಿಸಿತು. ಆದರೆ ಈ ಕಥೆಯ ಮೇಲೆಯೇ ನನಗೆ ಹೆಚ್ಚು ಅನುಮಾನ, ಯಾಕೆಂದರೆ ಇದರಲ್ಲಿ ನಡುವೆ ನಾನಿದ್ದೇನೆ. ನಡುವೆ ನಾನೇ ಇರುವ ಕಥೆಯನ್ನು ನಾನು ಬೇಗ ನಂಬುತ್ತೇನೆ. ಅತ್ತಿಯ ಮನೆಯಲ್ಲಿ ಮಲಗುತ್ತಿದ್ದ ನೆನಪು ನನಗಿಲ್ಲ. ಅವಳು ಹೊದೆಯುವ ಕೌದಿಯ ಬಣ್ಣ ಮಾತ್ರ ಗೊತ್ತು, ಕೆಂಪು ಅಂಚಿನ ನೀಲಿ. ಅದು ಈಗಲೂ ಅವಳ ಮನೆಯಲ್ಲಿದೆ. ಮೊನ್ನೆ ನೋಡಿದ್ದನ್ನೇ ಹಳೆಯ ನೆನಪೆಂದು ತಿಳಿದಿದ್ದರೂ ತಿಳಿದಿರಬಹುದು.

ಶನಿವಾರ ಸಂಜೆ ನಾನು ಮೊದಲ ಬಾರಿಗೆ, ದೊಡ್ಡವಳಾದ ಮೇಲೆ ಮೊದಲ ಬಾರಿಗೆ, ಒಳಗೆ ಕೂತೆ. ಹೊಸ ಸುಣ್ಣದ ವಾಸನೆ. ನೆಲದ ಮೇಲೆ ಚಾಪೆ. ಥಂಡಿಗೆ ಎಲ್ಲರೂ ಸೆರಗು ಹೊದ್ದಿದ್ದರು. ನಡುವೆ ಅತ್ತಿ ಹಸನು ಮಾಡಿ ಕಳಿಸಿದ ಹತ್ತಿ ಬುಟ್ಟಿಯಲ್ಲಿತ್ತು. ಸಭಾಪಾಲಕರು ಪ್ರಾರ್ಥನೆ ಮಾಡಿ, ಬರುವ ಪ್ರಭುವಿಗೆ ಜಾಗ ಮಾಡುವುದೆಂದರೆ ಮೊದಲು ಒಳಗಿನದನ್ನು ತೆರವು ಮಾಡುವುದು ಎಂದು ಎರಡು ಮಾತು ಹೇಳಿ ಹೊರಗೆ ಹೋದರು. ಒಬ್ಬೊಬ್ಬರೇ ಎದ್ದರು. ಯಾರು ಯಾರ ಕಡೆ ಹೋಗುತ್ತಾರೆ ಎಂದು ನೋಡಬಾರದು, ಆದರೆ ಎಲ್ಲರೂ ನೋಡುತ್ತಾರೆ. ಟೇಲರ್ ಅಕ್ಕನ ಮುಂದೆ ಆಗಲೇ ಮೂರು ಗುಡ್ಡೆ. ಗಂಟೆಯ ಹಗ್ಗದ ಕೆಳಗೆ ಮಾತ್ರ ಯಾರೂ ಕೂತಿರಲಿಲ್ಲ. ಯಾರೂ ಹೇಳದೆಯೇ ಆ ಜಾಗ ಬಿಟ್ಟಿದ್ದರು.

ಅತ್ತಿ ಬಂದಾಗ ಅರ್ಧ ಹೊಸೆತ ಮುಗಿದಿತ್ತು. ಇಸ್ತ್ರಿ ಮಾಡಿದ ಬಿಳಿ ಸೀರೆ. ಬುಟ್ಟಿಯಿಂದ ಒಂದು ಹಿಡಿ ಹತ್ತಿ ತೆಗೆದುಕೊಂಡು ನೇರ ಹೋಗಿ ಹಗ್ಗದ ಕೆಳಗೆ ಕೂತಳು. ಎದುರಿನ ಖಾಲಿ ಚಾಪೆಯನ್ನು ನೋಡಿದಳು. ಎಲ್ಲ ಕೈಗಳೂ ನಿಂತವು. ನಾನು ಎದ್ದು ಹೋಗಿ ಅಲ್ಲಿ ಕೂರಬೇಕು ಎಂದುಕೊಂಡೆ. ಆದರೆ ನನಗೆ ಅವಳ ಮೇಲೆ ಏನೂ ಇಲ್ಲ, ಸುಳ್ಳು ಹೇಳಿದ ಹಾಗಾಗುತ್ತದೆ ಎಂದು ಹಿಂಜರಿದೆ. ಈಗ ಯೋಚಿಸಿದರೆ ನನಗೇ ನಗು ಬರುತ್ತದೆ, ಅಂಥ ಹೊತ್ತಿನಲ್ಲೂ ಸರಿ ತಪ್ಪು ತೂಗುತ್ತ ಕೂತಿದ್ದೆ.

ಅಷ್ಟರಲ್ಲಿ ಅವಳೇ ಎದ್ದಳು. ಮಂಡಿಯ ಮೇಲೆ ಕೈಯೂರಿ, ಒಂದು ಗಳಿಗೆ ನಿಂತು, ಚಾಪೆಗಳ ನಡುವೆ ದಾರಿ ಮಾಡಿಕೊಂಡು ಬಂದು ಆ ಹತ್ತಿಯನ್ನು ನನ್ನ ಮುಂದೆ ಇಟ್ಟಳು.

ಯಾಕೆ ಎಂದು ಕೇಳಬಾರದು. ನಾನು ಕೇಳಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು.

ಅವಳು ಎದುರು ಕೂತು ಎಳೆ ಎಳೆದು ನನಗೊಂದು ತುದಿ ಕೊಟ್ಟಳು. ತಿರುವತೊಡಗಿದಳು. ಅವಳ ಬೆರಳು ಯಾವ ಕಡೆ ಹೊರಳುತ್ತಿದ್ದವೋ ನೋಡಿ ನಾನೂ ಅದೇ ಕಡೆ ಹೊರಳಿಸಿದೆ. ಎಳೆ ಬಿಗಿಯಾಗಲೇ ಇಲ್ಲ. ಇನ್ನಷ್ಟು ತಿರುವಿದೆ. ನಡುವಿನಲ್ಲಿ ಸಡಿಲಾಗಿ, ನೂಲಿನಂತೆ ತೆಳುವಾಗಿ, ಸದ್ದಿಲ್ಲದೆ ಹರಿದುಹೋಯಿತು. ಮತ್ತೆ ಎಳೆದಳು. ಮತ್ತೆ ಹರಿಯಿತು. ಮೂರನೆಯ ಸಲ ಅವಳು ನಿಯಮ ಮುರಿದಳು.

"ಏ, ಏನ್ ಮಾಡಾಕತ್ತೀಲೇ? ನಾ ಹೊಸದದ್ದು ನೀ ಬಿಚ್ಚಾಕತ್ತಿ."

"ನಿನ್ನ ನೋಡಿನss ಮಾಡಾಕತ್ತೇನಲಾ."

"ನನ್ನ ನೋಡಬ್ಯಾಡ. ಎದುರಿಗೆ ಕುಂತಾಗ ನನ್ನ ಹಂಗ ಮಾಡಿದ್ರ ಬಿಚ್ಚತೈತಿ. ನಿನ್ನ ಬಲಕ್ಕ ನೀ ತಿರುವು. ಇಷ್ಟ ಓದಿ ಇದು ತಿಳೀಲಿಲ್ಲ?"

"ಪೀಎಚ್ಡಿಗೆ ಇದು ಇರಂಗಿಲ್ಲಬೇ," ಎಂದರು ಟೇಲರ್ ಅಕ್ಕ ಮೂಲೆಯಿಂದ. ಇಡೀ ಚರ್ಚು ನಕ್ಕಿತು. ಅತ್ತಿಯೂ ನಕ್ಕಳು. ಅವ್ವ ತೀರಿಕೊಂಡ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ನನ್ನ ಬಲಕ್ಕೆ ನಾನು ತಿರುವಿದೆ. ಕಣ್ಣು ಅವಳ ಕೈಯ ಮೇಲಿದ್ದರೆ ಬೆರಳು ತಾನಾಗಿ ತಪ್ಪುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿಕೊಂಡೆ. ಎಳೆ ಬಿಗಿಯುತ್ತ ಬಂದು ನನ್ನ ಬೆರಳನ್ನು ಜಗ್ಗತೊಡಗಿತು. ಆ ತುದಿಯಲ್ಲಿ ಅವಳು ಇದ್ದಾಳೆ ಎನ್ನುವುದು ನೋಡದೆಯೇ ಗೊತ್ತಾಗುತ್ತಿತ್ತು. ಅವ್ವನಿಗೂ ಹೀಗೆ ಗೊತ್ತಾಗುತ್ತಿದ್ದಿರಬೇಕು. ಅತ್ತಿಯ ಮಂಡಿ ನೋಡಿ ನಾನೇ ಎದ್ದು ಹೋಗಿ ನನ್ನ ತುದಿಯನ್ನು ಅವಳ ಕೈಗೆ ಕೊಟ್ಟೆ. ಬತ್ತಿ ತನ್ನನ್ನು ತಾನೇ ಸುತ್ತಿಕೊಂಡಿತು. ಅಲ್ಲಲ್ಲಿ ಗಂಟು, ಒಂದು ಕಡೆ ದಪ್ಪ.

"ಸಮಾಧಾನ," ಎಂದಳು.

"ಸಮಾಧಾನ, ಅತ್ತಿ."

ಮರುದಿನ ಮೊದಲ ಪಣತಿಗೆ ನಮ್ಮ ಬತ್ತಿಯನ್ನೇ ಹಾಕಿದ್ದರು. ಅದರ ಪಕ್ಕದಲ್ಲಿ ಸಭಾಪಾಲಕರ ನೇರಳೆ ಮೇಣದಬತ್ತಿ ನೆಟ್ಟಗೆ, ಅಲುಗದೆ ಉರಿಯಿತು. ನಮ್ಮದು ಗಂಟಿನ ಕಡೆ ಚಟಚಟ ಎಂದು, ಒಮ್ಮೆ ಕುಗ್ಗಿ, ಎಣ್ಣೆ ಹತ್ತಿದ ಮೇಲೆ ಸರಿಹೋಯಿತು. ರೊಟ್ಟಿ ಮತ್ತು ಪಾತ್ರೆಗೆ ಕರೆದಾಗ ಅತ್ತಿ ಎದ್ದು ಮುಂದೆ ಹೋದಳು. ಅವಳು ಕೈ ಜೋಡಿಸಿ ನಿಂತದ್ದನ್ನು ಹಿಂದಿನಿಂದ ನೋಡಿದೆ. ಅವಳ ಹಬ್ಬ ಮುಗಿದಿರಲಿಲ್ಲ. ಗೀತೆ ಎತ್ತಿದಾಗ ಅವಳು ಹಾಡುತ್ತಾಳೋ ತುಟಿ ಮಾತ್ರ ಆಡಿಸುತ್ತಾಳೋ ಎಂದು ಕಿವಿಗೊಟ್ಟೆ. ಎಲ್ಲರೂ ಹಾಡುತ್ತಿದ್ದರು, ತಿಳಿಯಲಿಲ್ಲ.

ಮನೆಗೆ ನಡೆದು ಬರುವಾಗ ಕೇಳಿಯೇಬಿಟ್ಟೆ. ನಿಯಮ ಹೊಸೆಯುವಾಗಿನದು, ಈಗ ಮುಗಿಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತಿ ಕೀಲಿ ತೆಗೆದಳು, ಒಳಗೆ ಹೋಗಿ ಒಲೆಯ ಮೇಲೆ ಚಹಾಕ್ಕಿಟ್ಟಳು, "ಸಕ್ರಿ ಎಷ್ಟ್ ಹಾಕ್ಲಿ?" ಎಂದು ನನ್ನನ್ನು ಕೇಳಿದಳು. ಆಮೇಲೆ ನಾನು ಧಾರವಾಡಕ್ಕೆ ಬಂದೆ. ಮೂರನೆಯ ಪಣತಿ ಹಚ್ಚಿದ ಭಾನುವಾರ ಮತ್ತೆ ಹೋಗಿದ್ದೆ. ಚಕ್ಕಲಿ ಮಾಡಲು ಕೂಡಿಸಿಕೊಂಡಳು, ಗೌಡರ ಮನೆಗೆ ಕೊಡಬೇಕಾದ ಡಬ್ಬಿ ತುಂಬಿಸಿದಳು, ಹೊರಡುವಾಗ ಕೈಯಲ್ಲಿ ಒಂದಿಷ್ಟು ಹಸನು ಮಾಡಿದ ಹತ್ತಿ ಇಟ್ಟು "ಬಲಕ್ಕ ತಿರುವೂದು ಕಲಿ" ಎಂದಳು. ಅಂದು ಕೇಳಿದ್ದನ್ನು ನಾನು ಎರಡನೆಯ ಸಲ ಕೇಳಿಲ್ಲ, ಅವಳು ಮರೆತಿಲ್ಲ ಎಂದೂ ಗೊತ್ತು. ಆ ಮೊದಲ ಭಾನುವಾರ ಓಣಿಯಲ್ಲಿ, ಅವಳ ತೋಳು ಹಿಡಿದು ನಡೆಯುತ್ತ ನಾನು ಕೇಳಿದ್ದು ಇಷ್ಟೇ:

"ಅತ್ತಿ, ನನ್ನ ಮುಂದ ಹತ್ತಿ ಇಟ್ಟದ್ದು ಅವ್ವನ ಬದಲಿಗೋ, ನನ್ನ ಸಲುವಾಗೋ?"